ಬಂಗಾರ ಬಿಚ್ಚಿಕೊಡುವ ಮುಂಚೆ



ಈ ಸಂಚಿಕೆಗೆ ಜೋಳದ ನುಚ್ಚಿನ ಬಗ್ಗೆ ಬರೆಯಬೇಕೆಂದಿದ್ದೆ. ಅದು ಮುಂದಿನ ಸಲ ಬರಲಿ. ಮುಧೋಳ ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ, ಅದಕ್ಕೆ ಉತ್ತರ ತಡವಾದರೆ ಉಪಯೋಗವಿಲ್ಲ. "ಅಕ್ಕಾರ, ಮಗ ದುಬೈಗೆ ಹೊಂಟಾನ. ಏಜೆಂಟ ಒಂದೂವರಿ ಲಕ್ಷ ಕೇಳ್ಯಾನ. ನನ್ನ ಪಾಟ್ಲಿ, ಬೋರಮಾಳ ಒತ್ತಿ ಇಡೂದು ಛಲೋನೋ, ಮಾರೂದು ಛಲೋನೋ? ಜೊತೀಗಿ ಏನೇನು ತಿನಿಸು ಕಟ್ಟಿ ಕೊಡಬೇಕು?" ಎಂದು ಕೇಳಿದ್ದಾರೆ.

ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ಅವರು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಒಂದೂವರೆ ಲಕ್ಷ ಯಾತಕ್ಕೆ? ಅದರ ರಸೀದಿ ಎಲ್ಲಿ? ಮಗನ ಕೈಗೆ ಬಂದಿರುವ ಕಾಗದದಲ್ಲಿ ಏನು ಬರೆದಿದೆ? ನಮ್ಮ ಮನೆಗಳಲ್ಲಿ ನಡೆಯುವ ರೀತಿಯೇ ಹೀಗೆ. ಗಂಡಸರು ಜಮಖಂಡಿಗೋ ವಿಜಯಪುರಕ್ಕೋ ಹೋಗಿ ಚಹಾ ಕುಡಿದು ಮಾತು ಮುಗಿಸಿ ಬರುತ್ತಾರೆ. ಸಂಜೆ ಮನೆಗೆ ಬಂದು "ರೊಕ್ಕ ಹೊಂದಿಸಬೇಕು" ಅನ್ನುತ್ತಾರೆ. ಆಗ ಎಲ್ಲರ ಕಣ್ಣು ನಮ್ಮ ಕೈ ಮೇಲೆ, ಕೊರಳ ಮೇಲೆ. ಬಂಗಾರ ಕೊಡಬೇಡಿರಿ ಎಂದು ನಾನು ಹೇಳುವದಿಲ್ಲ. ಮಗನಿಗಾಗಿ ಕೊಡದೆ ಇನ್ನಾರಿಗೆ ಕೊಡೋಣ? ಆದರೆ ಬಂಗಾರ ಬಿಚ್ಚುವ ಮುಂಚೆ ಕಾಗದ ನಮ್ಮ ಕೈಗೆ ಬರಲಿ. ಓದು ಬರದವರು ಸಾಲಿಗೆ ಹೋಗುವ ಮೊಮ್ಮಗಳ ಕಡೆಯಿಂದ ಓದಿಸಿ ಕೇಳಲಿ.

ದುಡಿಯಲು ಊರು ಬಿಡುವದು ನಮ್ಮ ಕಡೆ ಹೊಸದೇನಲ್ಲ. ಗೋವಾಕ್ಕೆ, ಮಂಗಳೂರಿಗೆ, ರತ್ನಾಗಿರಿಗೆ ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜನ ಹೋಗುತ್ತಲೇ ಬಂದಿದ್ದಾರೆ. ನಮ್ಮ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ರೊಕ್ಕ ಕೂಡಿಸಿ, ಮೈ ಮುರಿದು ದುಡಿದು ಕೃಷ್ಣಾ ನದಿಗೆ ಬ್ಯಾರೇಜು ಕಟ್ಟಿಕೊಂಡರು. ಮುಂದಾಳು ಸಿದ್ದು ನ್ಯಾಮಗೌಡರಿಗೆ ಬ್ಯಾರೇಜು ಸಿದ್ದು ಎಂದೇ ಹೆಸರು ಬಂತು. ನೀರು ಬಂತು, ಕಬ್ಬು ಬಂತು. ಹೊಲ ಮಾತ್ರ ಇದ್ದಷ್ಟೇ ಉಳಿಯಿತು. ಎಂಟು ಎಕರೆ ನಾಲ್ಕು ಮಂದಿ ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಎರಡೆರಡು ಎಕರೆಯಲ್ಲಿ ಯಾರ ಸಂಸಾರ ನಡೆದೀತು? ಅತ್ತ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಹುಡುಗರೂ ಈಗ ಮಗ್ಗ ಬಿಟ್ಟು ಬೇರೆ ದಾರಿ ನೋಡುತ್ತಾರೆ. ಹೀಗಾಗಿ ಹುಡುಗರು ಹೊರಡುವದು ತಪ್ಪೇನಲ್ಲ. ಆದರೆ ಗೋವಾದಲ್ಲಿ ಕೆಲಸ ಒಗ್ಗದಿದ್ದರೆ ರಾತ್ರಿ ಬಸ್ಸು ಹತ್ತಿ ಮುಂಜಾನೆ ಮನೆಗೆ ಬಂದುಬಿಡಬಹುದು. ಸಮುದ್ರದ ಆಚೆಯಿಂದ ಹಂಗ ಬರಲಿಕ್ಕೆ ಆಗುವದಿಲ್ಲ. ಅದಕ್ಕೇ ಇಷ್ಟು ಮಾತು.

ಮೊದಲು ಏಜೆಂಟನ ವಿಷಯ. ಪರದೇಶಕ್ಕೆ ಕೆಲಸಗಾರರನ್ನು ಕಳಿಸುವವರಿಗೆ 1983ರ ವಲಸೆ ಕಾಯಿದೆಯ ಪ್ರಕಾರ ಕೇಂದ್ರ ಸರಕಾರದ ಲೈಸೆನ್ಸು ಬೇಕು. ಲೈಸೆನ್ಸು ಇದ್ದವರ ಪಟ್ಟಿ ಸರಕಾರದ ಇ-ಮೈಗ್ರೇಟ್ ಎಂಬ ಜಾಲತಾಣದಲ್ಲಿ ಇರುತ್ತದೆ. ಊರಿನ ಗ್ರಾಮ ಒನ್ ಕೇಂದ್ರದಲ್ಲೋ ನೆಟ್ ಸೆಂಟರಿನಲ್ಲೋ ಹತ್ತು ನಿಮಿಷದಲ್ಲಿ ನೋಡಿಸಬಹುದು. ನಮ್ಮ ಓಣಿಗಳಿಗೆ ಬರುವಾತ ಬಹಳ ಸಲ ಏಜೆಂಟನೇ ಆಗಿರುವದಿಲ್ಲ. ಅವನು ಮುಂಬಯಿಯ ಯಾರದೋ ಕೈಕೆಳಗೆ ಹುಡುಗರನ್ನು ಕೂಡಿಸಿ ಕೊಡುವಾತ. ಹಾಗೆ ಲೈಸೆನ್ಸಿಲ್ಲದೆ ಕೂಡಿಸುವದೇ ಕಾಯಿದೆಗೆ ವಿರುದ್ಧ. "ನಮ್ಮ ಬೀಗರ ಕಡೆಯವನು, ಮೋಸ ಮಾಡಾಂಗಿಲ್ಲ" ಎಂದು ಗಂಡಸರು ಹೇಳಬಹುದು. ಬೀಗರ ಕಡೆಯವನಾದರೆ ಇನ್ನೂ ಛಲೋ ಆಯಿತು, ಲೈಸೆನ್ಸು ನಂಬರು ಕೇಳಲು ಸಂಕೋಚವೇ ಬೇಡ. ನಂಬರು ಕೇಳಿದ್ದಕ್ಕೆ ಸಿಟ್ಟಿಗೇಳುವವನ ಕೈಯಲ್ಲಿ ನಾನಂತೂ ಪಾಸ್‌ಪೋರ್ಟು ಕೊಡಿಸುವದಿಲ್ಲ.

ಲೈಸೆನ್ಸಿನ ಏಜೆಂಟ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಶುಲ್ಕಕ್ಕೂ ಮಿತಿ ಇದೆ. 30,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 5,400, ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು. ಇನ್ನು ದುಬೈ, ಶಾರ್ಜಾ, ಅಬುಧಾಬಿ ಎಲ್ಲ ಸೇರಿದ ಯುಎಇ ದೇಶದಲ್ಲಿ ಕೆಲಸಗಾರನನ್ನು ಕರೆಸಿಕೊಳ್ಳುವ ಖರ್ಚು ಕೆಲಸ ಕೊಡುವವನದೇ ಎಂದು ಅಲ್ಲಿನ ಕಾಯಿದೆಯೇ ಹೇಳುತ್ತದೆ. ಹಾಗಿದ್ದ ಮೇಲೆ "ವೀಸಾ ಖರೀದಿ ಮಾಡಬೇಕ್ರಿ" ಎಂದು ಕೇಳುವ ಉಳಿದ ರೊಕ್ಕ ಯಾರ ಕಿಸೆಗೆ?

ಈಗ ಲೆಕ್ಕ ಹಾಕೋಣ ಬರ್ರಿ. ಸಂತೆಯ ಲೆಕ್ಕ ಮಾಡುವ ನಮಗೆ ಇದೇನು ಕಠಿಣವಲ್ಲ. ಮಗನಿಗೆ 1,200 ದಿರ್ಹಮ್ ಪಗಾರ ಎಂದು ಇಟ್ಟುಕೊಳ್ಳಿರಿ. ಒಂದು ದಿರ್ಹಮಿಗೆ 23 ರೂಪಾಯಿ ಹಿಡಿದರೆ 27,600 ರೂಪಾಯಿ. ಕೇಳಲಿಕ್ಕೆ ಛಲೋ ಅನಸ್ತದ. ಊಟ ಕಂಪನಿಯದಲ್ಲದಿದ್ದರೆ ಊಟಕ್ಕೆ 400, ಫೋನು, ಸಾಬೂನು, ಕ್ಷೌರಕ್ಕೆ 100 ದಿರ್ಹಮ್ ಹೋಯಿತು. ಉಳಿದದ್ದು 700, ಅಂದರೆ 16,100 ರೂಪಾಯಿ. ಒಂದೂವರೆ ಲಕ್ಷವನ್ನು ಊರ ಸಾವಕಾರರಲ್ಲಿ ತಿಂಗಳಿಗೆ ಮೂರರ ಬಡ್ಡಿಗೆ ತಂದಿದ್ದರೆ ಬಡ್ಡಿಯೇ ತಿಂಗಳಿಗೆ 4,500. ಉಳಿದದ್ದು 11,600. ಅಸಲು ಒಂದೇ ಗಂಟಿನಲ್ಲಿ ತೀರಿಸುವ ತನಕ ಬಡ್ಡಿ ನಿಲ್ಲುವದಿಲ್ಲ. ಮನೆಯವರು ಒಂದು ರೂಪಾಯಿಯನ್ನೂ ಮುಟ್ಟದೆ ಕೂಡಿಸಿದರೆ ಆ ಗಂಟು ಆಗಲಿಕ್ಕೆ ಹದಿಮೂರು ತಿಂಗಳು. ಎರಡು ವರ್ಷದ ಕರಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗ ಏಜೆಂಟನಿಗಾಗಿ ಬಿಸಿಲಿನಲ್ಲಿ ನಿಂತಂತೆ ಆಯಿತು. ಅದೇ 35,400 ಆದರೆ, ಮೂರು ತಿಂಗಳಲ್ಲಿ ಸಾಲ ಹರಿದು ಹೋಗುತ್ತದೆ.

ಹೀಗಾಗಿ ಆ ತಾಯಿಗೆ ನನ್ನ ಉತ್ತರ ಇಷ್ಟು: ಮಾರಬೇಡಿರಿ. ಒತ್ತಿ ಇಡುವದಾದರೆ ಬ್ಯಾಂಕಿನಲ್ಲಿ ಇಡಿರಿ, ಸಾವಕಾರರಲ್ಲಿ ಬೇಡ. ಅದೂ ರಸೀದಿ ಬರುವಷ್ಟು ರೊಕ್ಕಕ್ಕೆ ಮಾತ್ರ. ಬೋರಮಾಳ ಕೊರಳಲ್ಲೇ ಇರಲಿ.

ಒತ್ತಿ ಇಡುವ ದಿನವನ್ನೂ ನೋಡಿಕೊಳ್ಳಬೇಕು. ಕೊಲ್ಲಿ ದೇಶಗಳಿಗೆ ಹೋಗುವ ಮುಂಚೆ ಅವರೇ ಒಪ್ಪಿದ ದವಾಖಾನೆಗಳಲ್ಲಿ ವೈದ್ಯಕೀಯ ತಪಾಸಣೆ ಆಗಬೇಕು. ಮೊದಲು ಇದಕ್ಕೆ ಗಾಮ್ಕಾ ಅನ್ನುತ್ತಿದ್ದರು, ಈಗ ವಾಫಿದ್ ಅನ್ನುತ್ತಾರೆ. ಕ್ಷಯ, ಕಾಮಾಲೆಯ ಬಿ ಮತ್ತು ಸಿ, ಎಚ್‌ಐವಿ ಇವನ್ನೆಲ್ಲ ನೋಡುತ್ತಾರೆ. ಎಂದೋ ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೂ ತಿರುಗಿ ಕಳಿಸುವದುಂಟು. ಆದ್ದರಿಂದ ಮೊದಲು ತಪಾಸಣೆ, ಆಮೇಲೆ ಸಾಲ. ಇದ್ದ ಕೆಲಸಕ್ಕೆ ರಾಜೀನಾಮೆ ಕೊಡುವದೂ ಆಮೇಲೆಯೇ.

ಪಾಸ್‌ಪೋರ್ಟಿನ ಬಗ್ಗೆ ಬಹಳ ಬರೆಯುವದಿಲ್ಲ. ಸಾದಾ 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ತತ್ಕಾಲ ಬೇಕಾದರೆ ಮೇಲೆ 2,000. ಹುಬ್ಬಳ್ಳಿಯಲ್ಲಿ ಸೇವಾಕೇಂದ್ರವಿದೆ. ಆದರೆ ಹೆಸರಿನ ವಿಷಯ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯ ಹುಡುಗರು ಸಿಕ್ಕಿಬೀಳುವದು ಅಲ್ಲೇ. ಸಾಲಿಯ ದಾಖಲೆಯಲ್ಲಿ ಬಸಪ್ಪ, ಆಧಾರದಲ್ಲಿ ಬಸವರಾಜ, ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದಕ್ಷರ ಮಾತ್ರ, ಅಡ್ಡಹೆಸರು ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇಲ್ಲ. 2022ರ ನವೆಂಬರಿನಲ್ಲಿ ಯುಎಇಯವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ನಿಯಮ ಮಾಡಿದರು. ಅರ್ಜಿ ಹಾಕುವ ಮೊದಲೇ ಆಧಾರ, ಮಾರ್ಕ್ಸ್ ಕಾರ್ಡು, ಜನ್ಮ ದಾಖಲೆ ಮೂರನ್ನೂ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿರಿ. ಅಕ್ಕಿ ಆರಿಸುವ ಕಣ್ಣು ನಮ್ಮದು, ಈ ಕೆಲಸಕ್ಕೆ ನಮಗಿಂತ ಯೋಗ್ಯರು ಯಾರು?

ಈಗ ಬಹಳ ಜನಕ್ಕೆ ತಿಳಿಯದ ಒಂದು ಸಂಗತಿ. ಹತ್ತನೆಯ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇರುತ್ತದೆ. ಅಂಥವರು ಸೌದಿ, ಕುವೈತ್, ಯುಎಇ, ಕತಾರ್, ಓಮನ್, ಬಹರೇನ್, ಮಲೇಶಿಯಾ ಮೊದಲಾದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸಿಗರ ಸಂರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಕರಾರು ಆ ಕಚೇರಿಯ ಕಣ್ಣ ಮುಂದೆ ಹಾದು ಹೋಗುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯನ್ನೂ ಕಡ್ಡಾಯವಾಗಿ ಮಾಡಿಸುತ್ತಾರೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಇಸಿಆರ್ ಪಾಸ್‌ಪೋರ್ಟಿನ ಹೆಣ್ಣುಮಕ್ಕಳಿಗೆ 30 ವರ್ಷ ತುಂಬದೆ ಆ ದೇಶಗಳಿಗೆ ಮನೆಗೆಲಸಕ್ಕೆ ಒಪ್ಪಿಗೆ ಸಿಗುವದಿಲ್ಲ.

ಹತ್ತನೆಯ ಇಯತ್ತೆ ಪಾಸಾದವರಿಗೆ ಈ ಒಪ್ಪಿಗೆ ಬೇಕಿಲ್ಲ. ಹುಡುಗರು ಅದನ್ನೇ ಹೆಮ್ಮೆಯಿಂದ ಹೇಳುತ್ತಾರೆ, "ನಂದು ಇಸಿಆರ್ ಅಲ್ಲವ್ವಾ, ಸೀದಾ ಹೋಗಬಹುದು." ಸೀದಾ ಹೋಗಬಹುದು ಖರೆ. ಆದರೆ ಅದರ ಅರ್ಥ ಆ ಕರಾರನ್ನು ಸರಕಾರದವರು ಯಾರೂ ಓದಿ ನೋಡಿಲ್ಲ ಎಂದು. ಕಲಿಯದ ಹುಡುಗನ ಕಾಗದಕ್ಕೆ ಒಬ್ಬ ಅಧಿಕಾರಿ ಇದ್ದಾನೆ, ಕಲಿತ ಹುಡುಗನ ಕಾಗದಕ್ಕೆ ಅವನ ಮನೆಯವರೇ ದಿಕ್ಕು. ಅವರೂ ಇಚ್ಛೆ ಇದ್ದರೆ ಇ-ಮೈಗ್ರೇಟಿನಲ್ಲಿ ಹೆಸರು ನೋಂದಾಯಿಸಬಹುದು. ಮಾಡಿಸಿರಿ, ನಾಳೆ ತೊಂದರೆಯಾದರೆ ಹುಡುಗ ಎಲ್ಲಿದ್ದಾನೆಂದು ಸರಕಾರಕ್ಕಾದರೂ ಗೊತ್ತಿರುತ್ತದೆ.

ಕಾಗದದಲ್ಲಿ ಏನು ನೋಡಬೇಕು? ವೀಸಾದ ಮೇಲೆ ವಿಜಿಟ್ ಅಥವಾ ಟೂರಿಸ್ಟ್ ಎಂಬ ಶಬ್ದ ಇದ್ದರೆ ಅಲ್ಲಿಗೇ ನಿಲ್ಲಿಸಿರಿ. "ಹೋದ ಮ್ಯಾಲೆ ಬದಲಿ ಮಾಡಿಸಿ ಕೊಡತೇವಿ" ಎಂಬ ಮಾತನ್ನು ನಂಬಬಾರದು. ಆ ವೀಸಾದಲ್ಲಿ ದುಡಿಯುವದು ಅಲ್ಲಿ ಅಪರಾಧ, ಪಗಾರ ಕೊಡದಿದ್ದರೂ ಕೇಳುವ ಹಾಗಿಲ್ಲ. ಹೆಣ್ಣುಮಕ್ಕಳನ್ನು ಹೀಗೆಯೇ ಮೊದಲು ದುಬೈಗೆ ಕರೆದೊಯ್ದು, ಅಲ್ಲಿಂದ ಬೇರೆ ದೇಶಕ್ಕೆ ಮನೆಗೆಲಸಕ್ಕೆ ದಾಟಿಸಿದ ಪ್ರಕರಣಗಳು ನಡೆದಿವೆ. ಕರಾರಿನಲ್ಲಿ ಕಂಪನಿಯ ಹೆಸರು, ಕೆಲಸದ ಹೆಸರು, ದಿನಕ್ಕೆ ಎಷ್ಟು ತಾಸು, ವಾರದ ಸೂಟಿ, ಊಟ-ವಸತಿ ಯಾರದು, ತಿರುಗಿ ಬರುವ ಟಿಕೀಟು ಯಾರದು ಇವು ಇರಬೇಕು. ಮುಖ್ಯವಾಗಿ ಮೂಲ ಪಗಾರ ಬೇರೆಯಾಗಿ ಬರೆದಿದೆಯೋ ನೋಡಿರಿ. 1,200 ಎಂದು ಬಾಯಲ್ಲಿ ಹೇಳಿ, ಕಾಗದದಲ್ಲಿ ಮೂಲ ಪಗಾರ 700, ಉಳಿದದ್ದು ಭತ್ಯೆ ಎಂದು ಬರೆಯುವದುಂಟು. ಯುಎಇಯಲ್ಲಿ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನದ ಮೂಲ ಪಗಾರ. ನಮ್ಮಂತೆ ಪ್ರಾವಿಡೆಂಟ್ ಫಂಡು, ಪಿಂಚಣಿ ಅಲ್ಲಿ ನಮ್ಮವರಿಗೆ ಇಲ್ಲ. ಮೂಲ ಪಗಾರ ಸಣ್ಣದಾದರೆ ಕಡೆಗೆ ಕೈಗೆ ಬರುವ ಗಂಟೂ ಸಣ್ಣದು.

ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಬಿಸಿಲು ಕಂಡವನಿಗೆ ಅದೇನು ಮಹಾ ಎಂದು ಹುಡುಗರು ನಗುತ್ತಾರೆ. ಅಲ್ಲಿಯ ಸೆಕೆ ಬೇರೆ, ಸಮುದ್ರದ ಬೆವರು ಕೂಡಿರುತ್ತದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರ ವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ನಿಯಮವಿದೆ. ಮಗನಿಗೆ ಇದು ಗೊತ್ತಿರಲಿ.

ಕೆಲಸದ ಹೆಸರು ಕೇಳಿಯೇ ಮೋಸ ಹೋದವರಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ಹುಡುಗರು ಕಾವಲುಗಾರರ ಕೆಲಸವೆಂದು ರಶಿಯಾಕ್ಕೆ ಹೋದರು. ಅಲ್ಲಿ ಅವರಿಗೆ ಸಿಪಾಯಿ ಬಟ್ಟೆ ತೊಡಿಸಿ ಯುಕ್ರೇನಿನ ಯುದ್ಧಕ್ಕೆ ನೂಕಿದರು. 2024ರ ಸೆಪ್ಟೆಂಬರಿನಲ್ಲಿ ಜೀವಂತ ಮರಳಿ ಬಂದದ್ದು ಅವರ ತಾಯಂದಿರ ಪುಣ್ಯ. ಥಾಯ್ಲೆಂಡಿನಲ್ಲಿ ಕಂಪ್ಯೂಟರ ಮುಂದೆ ಕೂಡುವ ಕೆಲಸ ಎಂದು ಕರೆದು ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಫೋನಿನ ಮೇಲೆ ಜನರಿಗೆ ಟೋಪಿ ಹಾಕುವ ಕೆಲಸ ಮಾಡಿಸಿದ್ದಕ್ಕೆ 2022ರಿಂದ ನಮ್ಮ ಸರಕಾರ ಎಚ್ಚರಿಕೆ ಕೊಡುತ್ತಲೇ ಇದೆ. ಕಾಂಬೋಡಿಯಾ, ಲಾವೋಸಿನಲ್ಲೂ ಹೀಗೇ. ಕಲಿತ ಹುಡುಗರೇ ಇದರಲ್ಲಿ ಬಿದ್ದದ್ದು. ಪರೀಕ್ಷೆ ಇಲ್ಲ, ಅನುಭವ ಬೇಕಿಲ್ಲ, ಪಗಾರ ಮಾತ್ರ ಲಕ್ಷ ಎಂದರೆ ತಾಯಿಯಾದವಳಿಗೆ ಹೊಟ್ಟೆಯಲ್ಲಿ ಕಲೆಸಬೇಕು.

ಹೆಣ್ಣುಮಕ್ಕಳ ಮಾತಿಗೆ ಬರೋಣ. ನರ್ಸಿಂಗ್ ಕಲಿತ ನಮ್ಮ ಹುಡುಗಿಯರಿಗೆ ಈಗ ನಿಜವಾಗಿಯೂ ದಾರಿ ತೆರೆದಿದೆ, ಅಂಜಿ ಕೂಡಿಸಬೇಡಿರಿ. ಜರ್ಮನಿಗೆ ಹೋಗುವವರು ಆ ಭಾಷೆಯನ್ನು ಬಿ-2 ಎಂಬ ಮಟ್ಟದ ತನಕ ಕಲಿಯಬೇಕಾಗುತ್ತದೆ, ಅದಕ್ಕೆ ಹೆಚ್ಚುಕಡಿಮೆ ವರ್ಷದ ಶ್ರಮ ಹಿಡಿಯುತ್ತದೆ. ಇಂಗ್ಲೆಂಡಿಗಾದರೆ ಇಂಗ್ಲಿಷಿನ ಪರೀಕ್ಷೆ ಮತ್ತು ಅವರ ನರ್ಸಿಂಗ್ ಮಂಡಳಿಯ ಪರೀಕ್ಷೆ. ಅಲ್ಲಿಯ ದವಾಖಾನೆಗಳಿಗೆ ನರ್ಸುಗಳನ್ನು ಕಳಿಸುವ ಏಜೆನ್ಸಿ ಹುಡುಗಿಯಿಂದ ಶುಲ್ಕ ತೆಗೆದುಕೊಳ್ಳಬಾರದು ಎಂಬುದು ಇಂಗ್ಲೆಂಡಿನ ನಿಯಮ. ಲಕ್ಷ ಲಕ್ಷ ಕೇಳಿದರೆ ದಾರಿ ತಪ್ಪಿದೆ ಎಂದೇ ತಿಳಿಯಿರಿ. ನಮ್ಮ ರಾಜ್ಯ ಸರಕಾರದ ಕೌಶಲ್ಯ ಅಭಿವೃದ್ಧಿ ನಿಗಮದವರು ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ನಡೆಸುತ್ತಾರೆ. ಮೊದಲು ಅಲ್ಲಿ ವಿಚಾರಿಸಿರಿ.

ಮದುವೆಯಾಗಿ ಹೋಗುವವರ ವಿಷಯ ಇನ್ನೊಂದು. ಪರದೇಶದ ವರ ಎಂದರೆ ನಮ್ಮಲ್ಲಿ ಜಾತಕ, ಬಂಗಾರ, ಕಲ್ಯಾಣಮಂಟಪ ಎಲ್ಲ ನೋಡುತ್ತಾರೆ, ಅವನ ವೀಸಾ ಯಾವುದು ಎಂದು ಕೇಳುವದಿಲ್ಲ. ಅಮೇರಿಕಕ್ಕೆ ಎಚ್-4 ಎಂಬ ವೀಸಾದ ಮೇಲೆ ಹೋದ ಹೆಂಡತಿ ಬೇರೆ ಪರವಾನಗಿ ಇಲ್ಲದೆ ಅಲ್ಲಿ ದುಡಿಯುವಂತಿಲ್ಲ, ಬಿ.ಇ. ಮಾಡಿದ ಹುಡುಗಿ ಆರು ತಿಂಗಳಲ್ಲಿ ಬೇಸತ್ತು ಅಳುವದು ಇದಕ್ಕೇ. ದುಬೈಯಲ್ಲಿರುವ ಗಂಡ ಹೆಂಡತಿಯನ್ನು ಕರೆಸಿಕೊಳ್ಳಲು ಅವನಿಗೆ ತಿಂಗಳಿಗೆ 4,000 ದಿರ್ಹಮ್, ಇಲ್ಲವೆ 3,000 ಮತ್ತು ವಸತಿ ಇರಬೇಕು. 1,200 ದಿರ್ಹಮಿನವನು "ಮದುವೆ ಆದ ಮ್ಯಾಲೆ ಕರಕೊಂಡು ಹೋಗತೀನಿ" ಎಂದರೆ ಅದು ಆಗದ ಮಾತು. ಯಾವ ದೇಶಕ್ಕೇ ಹೋಗಲಿ, ಸಬ್ ರಜಿಸ್ಟ್ರಾರ ಕಚೇರಿಯಲ್ಲಿ ಮದುವೆಯ ನೋಂದಣಿ ಮಾಡಿಸಿಬಿಡಿರಿ, ಲಗ್ನಪತ್ರಿಕೆಯೊಂದನ್ನು ಜೋಪಾನವಾಗಿ ಇಡಿರಿ. ಹುಡುಗಿಯ ಪಾಸ್‌ಪೋರ್ಟು ಹುಡುಗಿಯ ಹತ್ತಿರವೇ ಇರಲಿ, ಅತ್ತೆಯ ಟ್ರಂಕಿನಲ್ಲಿ ಬೇಡ.

ಇನ್ನು ರೊಕ್ಕ ಬರಲಿಕ್ಕೆ ಹತ್ತಿದ ಮೇಲಿನ ಕಥೆ. ಪಗಾರ ತಾಯಿಯ ಖಾತೆಗೋ ಹೆಂಡತಿಯ ಖಾತೆಗೋ ಎಂಬುದರ ಮೇಲೆ ಎಷ್ಟು ಮನೆಗಳಲ್ಲಿ ಒಲೆ ಎರಡಾಗಿವೆ! ಹೊರಡುವ ಮುಂಚೆಯೇ ಎಲ್ಲರ ಎದುರು ಕೂತು ತಾಯಿಗೆ ಇಷ್ಟು, ಹೆಂಡತಿಗೆ ಇಷ್ಟು, ಸಾಲಕ್ಕೆ ಇಷ್ಟು ಎಂದು ಗೊತ್ತು ಮಾಡಿ, ಬೇರೆ ಬೇರೆ ಖಾತೆಗೆ ಬರುವ ಹಾಗೆ ಮಾಡಿರಿ. ಸೊಸೆಗೆ ಖಾತೆ ಇಲ್ಲದಿದ್ದರೆ ಈಗಲೇ ತೆಗೆಸಿರಿ. ಅತ್ತೆಯಂದಿರು ನನ್ನ ಮೇಲೆ ಸಿಟ್ಟು ಮಾಡಿದರೂ ಅಡ್ಡಿ ಇಲ್ಲ. ರೊಕ್ಕ ಬ್ಯಾಂಕಿನ ಮೂಲಕವೇ ಬರಲಿ, ಹುಂಡಿಯ ಕೈಗಡ ಬೇಡ. ಹುಂಡಿಯಲ್ಲಿ ಬಂದದ್ದಕ್ಕೆ ನಾಳೆ ಮನೆ ಕಟ್ಟುವಾಗ ಲೆಕ್ಕ ತೋರಿಸಲಾಗುವದಿಲ್ಲ. ಮಗನ ಇಲ್ಲಿಯ ಸಾದಾ ಖಾತೆಯನ್ನು ಅವನು ಹೋದ ಮೇಲೆ ಎನ್‌ಆರ್‌ಓ ಖಾತೆಯಾಗಿ ಬದಲಿಸಬೇಕು, ಅಲ್ಲಿಂದ ಕಳಿಸಿದ್ದನ್ನು ಕೂಡಿಡಲು ಎನ್‌ಆರ್‌ಇ ಖಾತೆ ತೆಗೆಯಬೇಕು. ಎನ್‌ಆರ್‌ಇ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ನಮ್ಮ ರೈತರ ಮನೆಗಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. "ನಾಲ್ಕು ವರ್ಷ ದುಡಿದು ಪಕ್ಕದ ಎರಡು ಎಕರೆ ತಗೋತೀನಿ" ಎಂದು ಹುಡುಗ ಹೋಗುತ್ತಾನೆ. ಪರದೇಶದಲ್ಲಿ ನೆಲೆಸಿ ಅನಿವಾಸಿ ಎನಿಸಿಕೊಂಡವನು ತನ್ನ ಹೆಸರಿನಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಇದು ವಿದೇಶಿ ವಿನಿಮಯದ ಕಾಯಿದೆ. ಮನೆ, ಪ್ಲಾಟು ಕೊಳ್ಳಬಹುದು. ಮೊದಲೇ ಇದ್ದ ಹೊಲಕ್ಕೂ, ಹಿರಿಯರಿಂದ ಬರುವ ಪಾಲಿಗೂ ಏನೂ ಆಗುವದಿಲ್ಲ, ಆ ಗಾಬರಿ ಬೇಡ. ಹೊಸದಾಗಿ ಹೊಲ ಬೇಕಾದರೆ ತಿರುಗಿ ಬಂದು ನೆಲೆಸಿದ ಮೇಲೆ, ಇಲ್ಲವೆ ಇಲ್ಲೇ ಇರುವ ಹೆಂಡತಿಯ ಹೆಸರಿನಲ್ಲಿ. ಈ ಎರಡನೆಯದು ನನಗೆ ಭಾಳ ಸೇರಿತು.

ಈಗ ತಿನಿಸಿನ ಪ್ರಶ್ನೆ. ಆ ತಾಯಿ ಕರದಂಟು, ಅಂಟಿನ ಉಂಡಿ ಮಾಡಿ ಕೊಡುವ ಮನಸ್ಸಿನಲ್ಲಿದ್ದಾರೆಂದು ಕಾಣುತ್ತದೆ. ದಯವಿಟ್ಟು ಗಸಗಸೆ ಹಾಕಬೇಡಿರಿ. ನಮಗದು ಅಡಿಗೆಯ ಸಾಮಾನು, ಕೊಲ್ಲಿ ದೇಶಗಳಲ್ಲಿ ಅಫೀಮಿನ ಬೀಜ. ಸೌದಿ, ಯುಎಇ, ಕತಾರಿನಲ್ಲಿ ಅದಕ್ಕೆ ನಿಷೇಧವಿದೆ, ಅದರಿಂದ ಜೇಲಿಗೆ ಹೋದವರಿದ್ದಾರೆ. ಅಂಗಡಿಯ ಕರದಂಟನ್ನೂ ಕೇಳಿಯೇ ತರಬೇಕು, ಬಹಳ ಕಡೆ ಗಸಗಸೆ ಹಾಕುತ್ತಾರೆ. ಗರಂ ಮಸಾಲೆಯಲ್ಲೂ ಇದ್ದೀತು, ನೋಡಿರಿ. ಎಲೆ-ಅಡಿಕೆಯ ಎಲೆಯೂ ಯುಎಇಯಲ್ಲಿ ನಿಷಿದ್ಧ. ನೋವಿನ, ಕೆಮ್ಮಿನ ಕೆಲವು ಔಷಧಿಗಳಿಗೂ ಅಲ್ಲಿ ತಕರಾರು ಇದೆ. ಡಾಕ್ಟರ ಚೀಟಿ ಇಲ್ಲದೆ ಗುಳಿಗೆ ಕಟ್ಟಬೇಡಿರಿ. ಜರ್ಮನಿ ಮೊದಲಾದ ಯುರೋಪದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹೀಗಾಗಿ ಧಾರವಾಡ ಪೇಢೆ ಬೆಂಗಳೂರಿನಲ್ಲೇ ತಿಂದು ಮುಗಿಸಲಿ.

ಹೋಗಬಹುದಾದದ್ದು ಬೇಕಾದಷ್ಟಿದೆ. ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಮೆಂತ್ಯದ ಹಿಟ್ಟು. ಶೇಂಗಾ ಚಟ್ನಿ ಬಹಳ ದಿನ ಉಳಿಯಬೇಕಾದರೆ ಹೀಗೆ ಮಾಡಿರಿ: ಎರಡು ಬಟ್ಟಲು ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರಾ ಆರಿದ ಮೇಲೆ ಸಿಪ್ಪೆ ತೆಗೆಯಿರಿ. ಹನ್ನೆರಡು ಎಸಳು ಬೆಳ್ಳುಳ್ಳಿಯನ್ನು ಎಣ್ಣೆ ಇಲ್ಲದೆ ಬಾಣಲೆಯಲ್ಲಿ ಬಾಡಿಸಿ ಪಸೆ ಆರಿಸಿರಿ. ಒಂದು ಚಮಚ ಜೀರಿಗೆ, ಎರಡು ಚಮಚ ಕೆಂಪು ಖಾರಪುಡಿ, ರುಚಿಗೆ ಉಪ್ಪು ಕೂಡಿಸಿ ಒಳ್ಳಿನಲ್ಲಿ ಕುಟ್ಟಿರಿ. ಮಿಕ್ಸರಿನಲ್ಲಾದರೆ ಒಂದೇ ಸವನೆ ತಿರುಗಿಸಬೇಡಿರಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣಕೊಬ್ಬರಿ ಹಾಕಬೇಡಿರಿ, ಬೇಗ ಕಮಟುತ್ತದೆ. ಡಬ್ಬಿಗಿಂತ ಎರಡು ಪದರಿನ ಪ್ಲಾಸ್ಟಿಕ್ ಚೀಲ ಹಗುರ.

ಓಣಿಯವರು, ಬೀಗರು "ನಮ್ಮ ಹುಡುಗಗೂ ಒಂದೀಟು ಒಯ್ಯಪ್ಪಾ" ಎಂದು ಗಂಟು ತಂದು ಕೊಡುತ್ತಾರೆ. ನಿಷ್ಠುರವಾದರೂ ಅಡ್ಡಿಯಿಲ್ಲ, ಬಿಚ್ಚಿ ನೋಡದೆ ಒಯ್ಯಬಾರದು. 2019ರಲ್ಲಿ ಮುಂಬಯಿಯ ಒಂದು ದಂಪತಿ ಸಂಬಂಧಿಕರು ಕೊಟ್ಟ ಗಂಟಿನಲ್ಲಿ ಮಾದಕ ಪದಾರ್ಥ ಸಿಕ್ಕು ಕತಾರಿನಲ್ಲಿ ಜೇಲು ಸೇರಿದರು. ನಿರ್ದೋಷಿಗಳೆಂದು ಬಿಡುಗಡೆಯಾದದ್ದು 2021ರಲ್ಲಿ. ಆ ಹೆಣ್ಣುಮಗಳು ಜೇಲಿನಲ್ಲೇ ಹಡೆದಳು.

ಕಡೆಯದಾಗಿ ಮನೆಯಲ್ಲಿ ಉಳಿಯಬೇಕಾದ ಕಾಗದಗಳು. ಕೆಟ್ಟದ್ದನ್ನು ಮಾತಾಡಬಾರದು ಅನ್ನುತ್ತೀರಿ, ಆದರೂ ಮಾತಾಡಬೇಕು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿದಾಗ ಲಕ್ಷಕ್ಕೂ ಮಿಕ್ಕಿ ನಮ್ಮವರು ಉಟ್ಟ ಬಟ್ಟೆಯಲ್ಲಿ ವಿಮಾನ ಹತ್ತಿ ಬಂದರು. ಮುಂದೆ ವಿಶ್ವಸಂಸ್ಥೆಯ ಆಯೋಗದ ಮುಂದೆ ಪರಿಹಾರ ಕೇಳುವಾಗ, ಅಲ್ಲಿದ್ದೆವು ಎಂಬುದಕ್ಕೆ ಕಾಗದವೇ ಸಾಕ್ಷಿಯಾಯಿತು. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರ ವಸತಿಗೆ ಬೆಂಕಿ ಬಿದ್ದು 45 ಜನ ಭಾರತೀಯರು ತೀರಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯವನೂ ಒಬ್ಬನಿದ್ದ. ಅಂಥ ಹೊತ್ತಿನಲ್ಲಿ ಯಾವ ಕಟ್ಟಡ, ಯಾವ ಕಂಪನಿ, ವಿಮೆಯ ನಂಬರೇನು ಎಂದು ಕೇಳಿದರೆ ಹೇಳಲು ಮನೆಯಲ್ಲಿ ಚೀಟಿ ಇರಬೇಕು.

ಹೀಗಾಗಿ ಒಂದು ಫೈಲು ಮಾಡಿರಿ. ಪಾಸ್‌ಪೋರ್ಟು, ವೀಸಾ, ಕರಾರು, ಏಜೆಂಟನ ರಸೀದಿ, ವಿಮೆ ಎಲ್ಲದರ ಝೆರಾಕ್ಸು ಅದರಲ್ಲಿ ಇರಲಿ, ನಿಮ್ಮ ಫೋನಿನಲ್ಲೂ ಫೋಟೋ ಇರಲಿ. ವಿಮೆಗೂ ಬ್ಯಾಂಕಿಗೂ ವಾರಸುದಾರರೆಂದು ಯಾರ ಹೆಸರು ಬರೆಸಿದ್ದಾನೆ ಎಂದು ಕೇಳಿಕೊಳ್ಳಿರಿ. ಮದುವೆಗೆ ಮುಂಚೆ ಬರೆಸಿದ್ದಾದರೆ ಹೆಂಡತಿಯ ಹೆಸರು ಸೇರಿಸಬೇಕು. ಅಲ್ಲಿಗೆ ಮುಟ್ಟಿದ ವಾರದಲ್ಲೇ ಕೋಣೆಯ ವಿಳಾಸ, ಕಂಪನಿಯ ಫೋನು, ಜೊತೆಗಾರನೊಬ್ಬನ ಫೋನು ತರಿಸಿ ಬರೆದಿಡಿರಿ. ಪಾಸ್‌ಪೋರ್ಟನ್ನು ಮಾಲಕ ಕಸಿದಿಟ್ಟುಕೊಳ್ಳುವದಕ್ಕೆ ಸೌದಿಯಲ್ಲೂ ಯುಎಇಯಲ್ಲೂ ಕಾಯಿದೆಯ ಒಪ್ಪಿಗೆ ಇಲ್ಲ. ಪಗಾರ ನಿಂತರೆ, ಪಾಸ್‌ಪೋರ್ಟು ಕೊಡದಿದ್ದರೆ, ಮಗನ ಸುದ್ದಿಯೇ ಇಲ್ಲದಿದ್ದರೆ ಏಜೆಂಟನ ಬಾಗಿಲಿಗೆ ಅಲೆಯುತ್ತ ಕೂಡಬೇಡಿರಿ. ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090 ನಂಬರಿಗೆ ಊರಿಂದಲೇ ಫೋನು ಮಾಡಬಹುದು, ದುಡ್ಡು ಬೀಳುವದಿಲ್ಲ. ಮದದ್ ಎಂಬ ಸರಕಾರದ ಜಾಲತಾಣದಲ್ಲಿ ತಕರಾರು ಬರೆಸಬಹುದು. ಯುಎಇಯಲ್ಲಿರುವ ಮಗನಿಗೆ ಅಲ್ಲಿಯದೇ ನಂಬರು ಇದೆ, 800 46342. ಬಹರೇನಿನಲ್ಲಿ 1977ರಿಂದ ಕನ್ನಡ ಸಂಘವಿದೆ, ಬೇರೆ ದೇಶಗಳಲ್ಲೂ ಇವೆ. ಹಬ್ಬಕ್ಕೆ ಮಾತ್ರವಲ್ಲದೆ ಕಷ್ಟದ ಹೊತ್ತಿಗೂ ಅಲ್ಲಿ ನಮ್ಮ ಮಾತು ತಿಳಿಯುವವರು ಸಿಗುತ್ತಾರೆ.

ಈ ನಂಬರುಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿರಿ. ಪಕ್ಕದಲ್ಲೇ ಇದನ್ನೂ ಬರೆಯಿರಿ: ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಸೌದಿ, ಕುವೈತ್, ಕತಾರ್ ಎರಡೂವರೆ ತಾಸು ಹಿಂದೆ. ನೀವು ಮುಂಜಾನೆ ಐದಕ್ಕೆ ಎದ್ದು ನೆನಪಾಯಿತೆಂದು ಫೋನು ಹಚ್ಚಿದರೆ ಅಲ್ಲಿ ದುಡಿದು ದಣಿದ ಹುಡುಗನಿಗೆ ಇನ್ನೂ ನಡುರಾತ್ರಿ. ಶುಕ್ರವಾರ ಸೂಟಿ ಇದ್ದರೆ ಅಂದು ಮಧ್ಯಾಹ್ನ ಮಾತಾಡಿರಿ, ಸೊಸೆಗೂ ಸ್ವಲ್ಪ ಹೊತ್ತು ಫೋನು ಬಿಟ್ಟುಕೊಡಿರಿ.